ಲಯಕ್ಕೆ ಹತ್ತರಲ್ಲಿ ಮೂರು

ಲಯದ ವಿಷಯಕ್ಕೆ ಬಂದರೆ ನಾನು ಯಾರ ಮಾತನ್ನೂ ಕೇಳುವವಳಲ್ಲ. ಮೊದಲು ಇದನ್ನು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ, ಈಗ ಸ್ವಲ್ಪ ಸಣ್ಣ ದನಿಯಲ್ಲಿ ಹೇಳುತ್ತೇನೆ. ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪೇಟಿ ಕಲಿಸಲು ಶುರುಮಾಡಿ ಮೂವತ್ತು ವರ್ಷವಾಯಿತು. ಹಾರ್ಮೋನಿಯಂ ಎಂದರೆ ನಮ್ಮ ಕಡೆ ಅರ್ಧ ಮಂದಿ ತಿರುಗಿ ನೋಡುವುದಿಲ್ಲ, ಪೇಟಿ ಎಂದರೆ ಎಲ್ಲರಿಗೂ ಗೊತ್ತು. ಕಲಿಯಲು ಬಂದ ಮಕ್ಕಳು ಸ್ವರ ತಪ್ಪಿದರೆ ಎರಡು ಸಲ, ಮೂರು ಸಲ ಹೇಳಿಕೊಡುತ್ತೇನೆ. ಲಯ ತಪ್ಪಿದರೆ ಮಾತ್ರ ನನ್ನ ಮುಖ ನೋಡುವ ಹಾಗಿರುವುದಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಹೊರಗೆ ಯಾರಾದರೂ ತಾಳದ ಅರ್ಧ ಮಾತ್ರೆ ಮುಂದೆ ಓಡಿದರೆ ಅಲ್ಲಿಂದಲೇ ಬೈಗುಳ ಹೋಗುತ್ತದೆ. ನನ್ನ ಯಜಮಾನರು ಇದಕ್ಕೆ ಹೆದರಿ ಮನೆಯಲ್ಲಿ ಹಾಡು ಗುನುಗುವುದನ್ನೇ ಬಿಟ್ಟಿದ್ದಾರೆ.

ಇಂಥವಳನ್ನು ಮಕ್ಕಳ ವಾದ್ಯ ಸ್ಪರ್ಧೆಗೆ ಪರೀಕ್ಷಕಿಯಾಗಿ ಕರೆಯುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ಸಂಗೀತ ಕಲಿಸುವವರು ಸೇರಿ ವರ್ಷಕ್ಕೊಂದು ಊರಿನಲ್ಲಿ ಸರದಿಯ ಮೇಲೆ ನಡೆಸುವ ಸಣ್ಣ ಸ್ಪರ್ಧೆ ಅದು. ನಾನು ಹೇಳುತ್ತಿರುವ ಸಲ ಬಾಗೇವಾಡಿಯ ಸರದಿ. ಸ್ಪರ್ಧೆಯ ಹಾಲ್, ಮೈಕು, ಊಟ ಬಾಗೇವಾಡಿಯವರದು. ಪರೀಕ್ಷಕರು ಇಂಡಿಯಿಂದ ಒಬ್ಬರು, ಸಿಂದಗಿಯಿಂದ ನಾನು. ತಬಲಾ ಮುದ್ದೇಬಿಹಾಳದ್ದು. ಇದು ಮೊದಲಿನಿಂದ ಬಂದ ಹಂಚಿಕೆ.

ಪರೀಕ್ಷೆ ಮುಗಿದು ಮಕ್ಕಳಿಗೆ ಬೇಸಿಗೆ ಸೂಟಿ ಶುರುವಾಗುವ ವಾರ. ಮೊದಲ ಬಸ್ಸಿಗೆ ಹತ್ತಿ, ದೇವರ ಹಿಪ್ಪರಗಿ ಹಾಯ್ದು, ಬಾಗೇವಾಡಿಯಲ್ಲಿ ಇಳಿಯುವಷ್ಟರಲ್ಲಿ ಬಿಸಿಲು ಆಗಲೇ ಬೆನ್ನಿಗೆ ಬಂದಿತ್ತು. ಶಾಲೆಯ ಸಭಾಂಗಣದ ಹಿಂದೆ ಮಂಡಕ್ಕಿ ಒಗ್ಗರಣೆಯ ಸುಸಲಾ ಮತ್ತು ಚಹಾ ಇಟ್ಟಿದ್ದರು. ಪ್ಲೇಟು ಹಿಡಿದು ನೆರಳಿಗೆ ನಿಂತಿದ್ದೆ, ಇಳಕಲ್ ಸೀರೆಯ ಒಬ್ಬ ಮುದುಕಿ ಸೀದಾ ನನ್ನ ಹತ್ತಿರ ಬಂದಳು.

"ನಂಬರ್ ಹಾಕೋ ಅಕ್ಕಾರು ನೀವ ಏನ್ರಿ?"

ಹೌದು ಎಂದೆ. ಇಷ್ಟೇ ಸಾಕಾಯಿತು, ಮುದುಕಿ ಶುರುಮಾಡಿದಳು. ಇಂಗಳೇಶ್ವರದವರಂತೆ. ಮೊಮ್ಮಗಳು ಒಂಬತ್ತನೇ ಇಯತ್ತೆ ಮುಗಿಸಿದ್ದಾಳಂತೆ. ಅವರ ಶಾಲೆಗೆ ಯಾರೋ ಒಂದು ದೊಡ್ಡ ಕೀಬೋರ್ಡ್ ದಾನ ಕೊಟ್ಟಿದ್ದಾರೆ, ಅದನ್ನು ಹೆಡ್‌ಮಾಸ್ತರರು ಆಫೀಸಿನ ತಿಜೋರಿಯಲ್ಲಿ, ಅಂದರೆ ಆಳೆತ್ತರದ ಕಬ್ಬಿಣದ ಕಪಾಟಿನಲ್ಲಿ, ಇಟ್ಟು ಕೀಲಿ ಹಾಕಿದ್ದಾರೆ. ಶನಿವಾರಕ್ಕೊಮ್ಮೆ ಅರ್ಧ ತಾಸು ಹೊರಗೆ ತೆಗೆಯುತ್ತಾರೆ. ಆ ಅರ್ಧ ತಾಸಿನಲ್ಲೇ ಈ ಹುಡುಗಿ, ಚಿಕ್ಕಮ್ಮನ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಪಿಯಾನೋ ಬಾರಿಸುವುದನ್ನು ಕಲಿತಿದ್ದಾಳೆ. ಉಳಿದ ಆರು ದಿನ ರೊಟ್ಟಿ ಬಡಿಯುವ ಕೊಮ್ಮಣಿಗೆಯ ಅಂಚಿನ ಮೇಲೆ ಬೆರಳು ಆಡಿಸುತ್ತಾಳಂತೆ.

"ಎ ಗ್ರೇಡ್ ತಂದ್ರ ಸೂಟಿ ಪೂರಾ ಮನಿಗೆ ಒಯ್ಯಿ ಅಂದಾರ್ರಿ ಹೆಡ್‌ಮಾಸ್ತರು. ಬಿ ಬಂತಂದ್ರ ತಿಜೋರಿಯೊಳಗ ಇರ್ತೈತಿ. ಆಕಿ ರಾತ್ರಿಯಿಂದ ಉಂಡಿಲ್ರಿ."

ನನಗೆ ಸಿಟ್ಟು ಬಂತು. ಸ್ಪರ್ಧೆಗೆ ಮೊದಲು ಪರೀಕ್ಷಕಿಯ ಕಿವಿಯಲ್ಲಿ ಇಂಥದ್ದನ್ನು ಹಾಕಬಾರದು.

"ಇದನ್ನ ನನಗ್ಯಾಕ ಹೇಳಾಕತ್ತೀರಿ ಆಯಿ? ನಾ ಕೈ ಕೇಳಿ ನಂಬರ್ ಹಾಕಾಕಿ, ಕಥಿ ಕೇಳಿ ಅಲ್ಲ."

"ಹಾಕಬ್ಯಾಡ್ರಿ," ಎಂದಳು ಮುದುಕಿ, ನನ್ನ ಸಿಟ್ಟು ಅವಳಿಗೆ ತಾಗಲೇ ಇಲ್ಲ. "ಸುಸಲಾಕ್ಕ ಉಪ್ಪು ಕಡಿಮಿ ಆಗೇತೇನ್ರಿ?"

ಉಪ್ಪು ನಿಜವಾಗಿಯೂ ಕಡಿಮೆಯಾಗಿತ್ತು. ಹೌದೆಂದು ಹೇಳಿ ಒಳಗೆ ಹೋದೆ.

ಅಂಕದ ಕೆಲಸವನ್ನು ನಾನೂ ಇನ್ನೊಬ್ಬ ಪರೀಕ್ಷಕರಾದ ಇಂಡಿಯ ಸರ್ ಅವರೂ ನಮ್ಮದೇ ರೀತಿಯಲ್ಲಿ ಹಂಚಿಕೊಂಡಿದ್ದೆವು. ಅವರು ಹಾಡುವವರು, ಮೆತ್ತನೆಯ ಮನುಷ್ಯ. ಸ್ವರ ಮತ್ತು ಭಾವದ ಅಂಕ ಅವರದು. ಲಯ ಮತ್ತು ಕೈತಯಾರಿಯ ಅಂಕ ನನ್ನದು. ಒಂದೊಂದಕ್ಕೆ ಹತ್ತು, ಒಟ್ಟು ನಲವತ್ತು. ಮೂವತ್ತು ದಾಟಿದರೆ ಎ, ಕೆಳಗೆ ಬಂದರೆ ಬಿ. ಮೊದಲನೆಯವರು, ಎರಡನೆಯವರು ಎಂದು ಇಲ್ಲ. ಮೊದಲು ಇತ್ತು, ಪಾಲಕರ ಜಗಳ ನೋಡಲಾಗದೆ ತೆಗೆದುಹಾಕಿದೆವು.

ಬೆಳಗಿನ ಹೊತ್ತು ಸುಗಮವಾಗಿ ಹೋಯಿತು. ಪೇಟಿ ಬಂತು, ಕೊಳಲು ಬಂತು, ಮತ್ತೆ ಪೇಟಿ ಬಂತು. ಎಲ್ಲರಿಗೂ ಮುದ್ದೇಬಿಹಾಳದ ತಬಲಾ ಕಾಕಾ ಸಾಥ್ ಕೊಟ್ಟರು. ಇವರ ಬಗ್ಗೆ ಹೇಳಬೇಕು. ಎಪ್ಪತ್ತರ ಹತ್ತಿರ ಬಂದ ಮನುಷ್ಯ, ಬಿಳಿ ಟೊಪ್ಪಿಗೆ, ಬಾಯಲ್ಲಿ ಸದಾ ಅಡಿಕೆ ಚೂರು. ನಲವತ್ತು ವರ್ಷದಿಂದ ನಾಲ್ಕು ತಾಲೂಕಿನ ಭಜನೆ, ಕೀರ್ತನೆ, ನಾಟಕ ಎಲ್ಲಕ್ಕೂ ಕೂತವರು. ಮಕ್ಕಳು ಹೆದರಿ ಓಡಿದರೆ ತಾವೂ ಓಡಿ ಹಿಡಿಯುತ್ತಾರೆ, ನಿಂತರೆ ನಕ್ಕು ಮತ್ತೆ ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಕರೆತರುತ್ತಾರೆ. ಅವರದೊಂದೇ ಹಟ. ವೇದಿಕೆಯ ಮೇಲೆ ಯಾರನ್ನೂ ಒಂಟಿಯಾಗಿ ಬಿಡಬಾರದು.

ಆಮೇಲೆ ಇಂಗಳೇಶ್ವರದ ಹುಡುಗಿ ಬಂದಳು. ಎರಡು ಜಡೆ, ಶಾಲೆಯ ಯೂನಿಫಾರ್ಮ್, ಎದೆಗೆ ಒತ್ತಿ ಹಿಡಿದ ಉದ್ದನೆಯ ಕೀಬೋರ್ಡ್. ಎರಡು ಬೆಂಚು ಜೋಡಿಸಿ ಅದನ್ನಿಟ್ಟರು. ಯಾವುದೋ ಗುಂಡಿ ಒತ್ತಿದಳು, ಪಿಯಾನೋದ ದನಿ ಬಂತು. ಹಾಲಿನಲ್ಲಿ ಕೂತವರಲ್ಲಿ ಮುಕ್ಕಾಲು ಮಂದಿ ಆ ದನಿಯನ್ನು ಟಿವಿಯಲ್ಲಿ ಮಾತ್ರ ಕೇಳಿದವರು. ನಾನೂ ಅವರಲ್ಲಿ ಒಬ್ಬಳೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ಅವತ್ತು ಬೆರಳಿನಿಂದ ಒತ್ತುವ ಪೇಟಿಯ ಮನೆ, ಪಿಯಾನೋದ ಮನೆ ಎರಡೂ ಒಂದೇ ಬಿಳಿ, ಒಂದೇ ಕರಿ, ಇದರಲ್ಲಿ ತಿಳಿಯದೆ ಇರಲು ಏನಿದೆ ಎಂದು ಜೋರಾಗಿಯೇ ಕೂತಿದ್ದೆ.

ತಬಲಾ ಕಾಕಾ ಸುತ್ತಿಗೆ ಕೈಗೆ ತೆಗೆದುಕೊಂಡು, "ಯಾವ ಪಟ್ಟಿ ಹಿಡೀತಿ ತಂಗಿ? ಬಿಳಿ ಎಷ್ಟು, ಕರಿ ಎಷ್ಟು?" ಎಂದು ಕೇಳಿದರು. ಯಾವ ಸ್ವರಕ್ಕೆ ತಬಲಾ ಕೂಡಿಸಬೇಕು ಎಂಬುದು ಪ್ರಶ್ನೆ.

"ಎಲ್ಲಾ ಮನೀನೂ ಬೇಕಾಗ್ತಾವ್ರಿ," ಎಂದಳು ಹುಡುಗಿ. ಆಮೇಲೆ ಮೆಲ್ಲಗೆ, "ತಬಲಾ ಬ್ಯಾಡ್ರಿ ಕಾಕಾ," ಎಂದಳು.

ಇಲ್ಲೇ ನೋಡಿ ಎಲ್ಲ ಕೆಟ್ಟದ್ದು. ನಮ್ಮ ಕಡೆ ಪಂಕ್ತಿಯಲ್ಲಿ ಕೂತವನು ಸಾಕು ಎಂದರೆ ಎಲೆಗೆ ಇನ್ನೊಂದು ರೊಟ್ಟಿ ಬೀಳುತ್ತದೆ. ಬೇಡ ಎನ್ನುವುದು ಸಂಕೋಚ, ಬಡಿಸುವುದು ಮರ್ಯಾದೆ. ಕಾಕಾ ಕೂಡ ಹಾಗೆಯೇ ತಿಳಿದರು.

"ಸಂಕೋಚ ಮಾಡಬ್ಯಾಡವ್ವಾ. ನಾ ಅದೇನಿ. ನೀ ಹೊಡಿ."

ಹುಡುಗಿ ನನ್ನ ಕಡೆ ನೋಡಿದಳು. ನಾನು ಮಾಡು ಮಾಡು ಎಂದು ಪೆನ್ನು ಅಲ್ಲಾಡಿಸಿದೆ. ನನಗೂ ಅದು ಸಂಕೋಚವೆಂದೇ ಅನ್ನಿಸಿತ್ತು.

ಅವಳು ಶುರುಮಾಡಿದಳು. ಯಾವುದೋ ಹೊರದೇಶದ ಹಳೆಯ ರಚನೆ, ಎಡಗೈ ಒಂದು ತಗ್ಗಿನ ಸ್ವರ ಇಟ್ಟು ಎರಡು ಮೆತ್ತಗೆ ಒತ್ತುತ್ತದೆ, ಮೇಲೆ ಬಲಗೈ ನಿಧಾನಕ್ಕೆ ಒಂದು ಸಾಲು ಹೇಳುತ್ತದೆ. ಮೂರು ಮಾತ್ರೆ ಎಂದು ಗೊತ್ತಾಗಲು ಕಾಕಾರಿಗೆ ಎರಡು ಕ್ಷಣ ಸಾಕಾಯಿತು. ಆರು ಮಾತ್ರೆಯ ದಾದ್ರಾ ತಾಳ ಹಾಕಿದರು. ಧಾ ಧೀ ನಾ, ಧಾ ತೀ ನಾ. ಹಾಲಿನಲ್ಲಿ ಒಂದಿಬ್ಬರು ತಲೆ ಆಡಿಸಿದರು. ನಾನೂ ಪೆನ್ನಿನ ತುದಿಯಿಂದ ಟೇಬಲ್ಲಿಗೆ ಎಣಿಸತೊಡಗಿದೆ.

ಮೊದಲ ಸಾಲಿನ ಕೊನೆಗೆ ಹುಡುಗಿ ತಡೆದಳು. ತಬಲಾ ತಡೆಯಲಿಲ್ಲ. ಅವಳು ಮುಂದಿನ ಸಾಲು ಎತ್ತುವಾಗ ಕಾಕಾ ಒಂದೂವರೆ ಮಾತ್ರೆ ಮುಂದೆ ಹೋಗಿದ್ದರು. ಅವಳು ಓಡಿ ಬಂದು ಕೂಡಿಕೊಂಡಳು, ಮತ್ತೆ ಸಾಲಿನ ಕೊನೆಗೆ ಹಿಂದೆ ಬಿದ್ದಳು. ನಡುವೆ ಒಂದು ಕಡೆ ಪೂರ್ತಿ ನಿಂತೇಬಿಟ್ಟಳು. ತಬಲಾ ಒಂದೇ ದಾದ್ರಾ ಹೊಡೆಯುತ್ತಿತ್ತು, ಬೆರಳುಗಳು ಮನೆಗಳ ಮೇಲೆ ಸುಮ್ಮನೆ ಇದ್ದವು, ನನಗೆ ಹಲ್ಲು ಕಡಿಯುವಷ್ಟು ಸಂಕಟ. ಕೊನೆಗೆ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಮುಗಿಸಿದರು. ಕಾಕಾ ಅವಳು ಮುಗಿಸಿದ ಮೇಲೂ ಒಂದೇ ತುಣುಕನ್ನು ಮೂರು ಸಲ ಹೇಳುವ ತಿಹಾಯಿ ಬಾರಿಸಿ, ಮರ್ಯಾದೆಯಿಂದ ಮುಕ್ತಾಯ ಮಾಡಿಕೊಟ್ಟರು. ಚಪ್ಪಾಳೆ ಅದಕ್ಕೇ ಬಂತು.

ಲಯಕ್ಕೆ ಹತ್ತರಲ್ಲಿ ಮೂರು ಎಂದು ಬರೆದೆ. ಎರಡು ಬರೆಯುವವಳಿದ್ದೆ, ಮುದುಕಿಯ ಸುಸಲಾದ ಮಾತು ಅಡ್ಡ ಬಂತು. ಕೈತಯಾರಿ ಒಳ್ಳೆಯದಿತ್ತು, ಆರು. ಪಕ್ಕಕ್ಕೆ ಬಗ್ಗಿ ಇಂಡಿಯ ಸರ್ ಹಾಳೆ ನೋಡಿದರೆ ಸ್ವರಕ್ಕೆ ಎಂಟು, ಭಾವಕ್ಕೆ ಒಂಬತ್ತು.

"ಒಂಬತ್ತು ಹೆಂಗ ಕೊಟ್ರಿ ಸರ್? ಲಯಾನ ಇಲ್ಲದಾಕಿಗೆ ಭಾವ ಎಲ್ಲಿಂದ ಬಂತು?"

"ನಂಗ ಗೊತ್ತಿಲ್ರಿ ಅಕ್ಕಾರ," ಎಂದರು ಅವರು, ಕನ್ನಡಕ ಒರೆಸುತ್ತ. "ಆಕಿ ಆ ನಡುವ ನಿಂತ್ಲು ನೋಡ್ರಿ, ನಂಗ ಉಸರು ಹಿಡಿದಂಗಾತು. ಅದಕ್ಕ ಕೊಟ್ಟೆ."

"ಅಲ್ಲೇ ನೋಡ್ರಿ ಆಕಿ ತಾಳ ಬಿಟ್ಟಿದ್ದು."

"ಇರಬಹುದು. ಅದು ನಿಮ್ಮ ಖಾತೆ."

ಮೆತ್ತನೆಯ ಮನುಷ್ಯರ ಜೊತೆ ಜಗಳವಾಡುವುದು ಬಹಳ ಕಷ್ಟ. ಒಟ್ಟು ಇಪ್ಪತ್ತಾರಾಯಿತು, ಅಂದರೆ ಬಿ. ಕೀಬೋರ್ಡ್ ತಿಜೋರಿಗೆ ಹೋಯಿತು ಎಂದು ಮನಸ್ಸಿನೊಳಗೆ ಒಂದು ಮಾತು ಎದ್ದಿತು, ಅದನ್ನು ಅಲ್ಲೇ ಕೂರಿಸಿದೆ.

ಊಟಕ್ಕೆ ಎದ್ದಾಗ ಹುಡುಗಿ ಕೈ ತೊಳೆಯುವ ನಳದ ಹತ್ತಿರ ಸಿಕ್ಕಳು. ಸುಮ್ಮನೆ ಹೋಗಬಹುದಿತ್ತು, ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

"ಯಾಕ ತಂಗಿ, ಎಣಸಾಕ ಬರೂದಿಲ್ಲೇನು ನಿನಗ?"

"ಬರ್ತೈತ್ರಿ."

"ಮತ್ತ ತಬಲಾ ಬಿಟ್ಟು ಹಿಂದ ಉಳದ್ಯಲ್ಲ?"

"ಉಳದಿಲ್ರಿ. ನಿಂತಿದ್ದೆ." ನೀರು ಸುರಿಯುವ ಕೈಯನ್ನೇ ನೋಡುತ್ತ ಹೇಳಿದಳು. "ಆ ಸಾಲು ಇನ್ನಾ ಮುಗಿದಿದ್ದಿಲ್ರಿ ಅಕ್ಕಾರ. ಅದರ ದನಿ ಆರೂತನಕ ಮುಂದಿಂದು ಹೇಳಬಾರದು. ಕಾಕಾರು ಕಾಯಲಿಲ್ಲ."

ಎದುರು ಮಾತು. ಅದೂ ಲಯದ ವಿಷಯದಲ್ಲಿ, ಅದೂ ನನ್ನ ಮುಂದೆ. ಸೆರಗಿಗೆ ಕೈ ಒರೆಸಿಕೊಂಡು ತಿರುಗಿದೆ. ಹೋಗಿ ಊಟಕ್ಕೆ ಕೂತೆ. ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಎಲ್ಲ ಚೆನ್ನಾಗಿತ್ತು. ಒಂದೂ ರುಚಿಸಲಿಲ್ಲ. ಆ ಹುಡುಗಿಯ ಮಾತು ತಲೆಯೊಳಗೆ ಹೊಕ್ಕು ಕೂತಿತ್ತು.

ಊಟದ ನಂತರ ಒಂದು ಪದ್ಧತಿ ಇದೆ. ಅಂಕ ಕೂಡಿಸಿ, ಪ್ರಮಾಣಪತ್ರ ಬರೆಯುವಷ್ಟು ಹೊತ್ತು ಜನ ಎದ್ದು ಹೋಗಬಾರದು. ಅದಕ್ಕಾಗಿ ಯಾರನ್ನಾದರೂ ವೇದಿಕೆಗೆ ಕರೆದು ಏನಾದರೂ ಹಾಡಲು, ಬಾರಿಸಲು ಹೇಳುತ್ತಾರೆ. ಅದಕ್ಕೆ ಅಂಕವಿಲ್ಲ. ಬಾಗೇವಾಡಿಯವರು ಮೈಕಿನಲ್ಲಿ ಯಾರು ಬರುತ್ತೀರಿ ಎಂದು ಕೇಳುತ್ತಿದ್ದಾಗ ನಾನೇ ಎದ್ದು ನಿಂತು, ಇಂಗಳೇಶ್ವರದ ಹುಡುಗಿ ಬರಲಿ ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಕಾಕಾ ಎಂದಿನಂತೆ ತಬಲಾದ ಕಡೆ ಹೊರಟರು. ಅವರಿಗೆ ಬೇಡ ಎನ್ನುವುದು ಹೇಗೆ? ನಲವತ್ತು ವರ್ಷದಲ್ಲಿ ಯಾರೂ ಅಂದಿರಲಿಕ್ಕಿಲ್ಲ. ಹತ್ತಿರ ಹೋಗಿ ಅವರ ತೋಳು ಹಿಡಿದೆ.

"ಕಾಕಾ, ಈ ಸಲ ನನ್ನ ಬಾಜೂಕ ಕುಂದರ್ರಿ. ಇಬ್ಬರೂ ಕೇಳೋಣ."

"ಹುಡುಗಿ ಒಬ್ಬಾಕೀನ ಕುಂತಾಳಲ್ರಿ."

"ಕೂಡಲಿ. ಬೆಳಿಗ್ಗಿ ಆಕಿ ಬ್ಯಾಡ ಅಂದದ್ದು ಸಂಕೋಚಕ್ಕಲ್ಲ, ನಿಜವಾಗ್ಲೂ ಬ್ಯಾಡಾಗಿತ್ತು."

ಅವರು ನನ್ನ ಮುಖ ನೋಡಿದರು. ಬೇಜಾರಾಯಿತು, ಅದು ಕಾಣಿಸಿತು. ಆದರೂ ಬಂದು ಕುರ್ಚಿಯಲ್ಲಿ ಕೂತರು, ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡರು.

ಹುಡುಗಿ ಅದನ್ನೇ ಬಾರಿಸಿದಳು. ನಾನು ಈ ಸಲವೂ ಎಣಿಸಲು ಶುರುಮಾಡಿದ್ದೆ. ಮೊದಲ ಸಾಲಿನ ಕೊನೆಗೆ ಅವಳು ತಡೆದಳು, ನನ್ನ ಪೆನ್ನೂ ಹಾಗೇ ಮೇಲೆ ನಿಂತಿತು. ನಾನು ನಿಲ್ಲಿಸಿದ್ದಲ್ಲ, ಅದಾಗಿಯೇ ನಿಂತಿದ್ದು. ಸ್ವರ ಆರುತ್ತ ಆರುತ್ತ ಇನ್ನೇನು ಹೋಯಿತು ಎನ್ನುವಾಗ ಮುಂದಿನ ಸಾಲು ಬಂತು, ತಡವಾಗಿಯೂ ಅಲ್ಲ, ಬೇಗವಾಗಿಯೂ ಅಲ್ಲ. ತಡೆದ ಹೊತ್ತನ್ನು ಮುಂದಿನ ಸಾಲಿನಲ್ಲಿ ಸ್ವಲ್ಪ ಚುರುಕಾಗಿ ನಡೆದು ತುಂಬಿಕೊಟ್ಟಳು. ಎಡಗೈ ಅವಳ ಮಾತು ಬಿಟ್ಟು ಎಲ್ಲೂ ಹೋಗಲಿಲ್ಲ. ನಡುವೆ ಪೂರ್ತಿ ನಿಂತ ಆ ಜಾಗ ಬಂದಾಗ ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಗದ್ದಲ ಮಾಡುತ್ತಿದ್ದ ಸಣ್ಣ ಮಕ್ಕಳೂ ಬಾಯಿ ಮುಚ್ಚಿದ್ದರು.

ಮೂವತ್ತು ವರ್ಷದಿಂದ ನಾನು ಹಾಡುವವರಿಗೆ ಪೇಟಿ ಸಾಥ್ ಕೊಟ್ಟವಳು. ಅವರು ಆಲಾಪ ಮಾಡುವಾಗ ತಬಲಾ ಸುಮ್ಮನಿರುತ್ತದೆ. ಹಾಗೆಂದು ಅಲ್ಲಿ ಲಯ ಇರುವುದಿಲ್ಲವೇ? ಆಲಾಪದಲ್ಲಿ ಅವಸರ ಮಾಡಿದ ಮಕ್ಕಳ ಬೆರಳಿಗೆ ನಾನೇ ಹೊಡೆದಿದ್ದೇನೆ. ಉಸಿರು ತೆಗೆದುಕೊಳ್ಳಲು ಹಾಡುವವರು ನಿಂತರೆ ನನ್ನ ಕೈ ತಾನಾಗಿಯೇ ಕಾಯುತ್ತದೆ, ಅದನ್ನು ಯಾರೂ ನನಗೆ ಕಲಿಸಿಲ್ಲ. ಇಷ್ಟೆಲ್ಲ ಗೊತ್ತಿದ್ದವಳು ಬೆಳಿಗ್ಗೆ ಏನು ಕೇಳಿದ್ದೆ? ತಬಲಾ ಕೇಳಿದ್ದೆ. ಹುಡುಗಿಯ ಕೈ ಕೇಳಿಯೇ ಇರಲಿಲ್ಲ. ನಾಚಿಕೆಯಾಯಿತು.

ಚಪ್ಪಾಳೆ ನಿಲ್ಲುವ ಮೊದಲೇ ಹಾಳೆ ಎಳೆದುಕೊಂಡು ಮೂರನ್ನು ಹೊಡೆದುಹಾಕಿದೆ. ಇಂಡಿಯ ಸರ್ ನನ್ನ ಕೈಮೇಲೆ ಕೈ ಇಟ್ಟರು. ಭಾವಕ್ಕೆ ಒಂಬತ್ತು ಕೊಟ್ಟ ಅದೇ ಮನುಷ್ಯ.

"ಹಂಗ ಮಾಡಾಕ ಬರೂದಿಲ್ರಿ ಅಕ್ಕಾರ. ಎಲ್ಲಾರೂ ಒಂದ ಸಲ ಬಾರಿಸ್ಯಾರ. ಈಕಿದು ಎರಡನೇದು ಕೇಳಿ ನಂಬರ್ ತಿದ್ದಿದ್ರ ಉಳದವರು ಏನಂದಾರು?"

ಮಾತು ಸರಿಯಾಗಿತ್ತು. ಸರಿಯಾದ ಮಾತಿಗೆ ಎದುರು ಹೇಳಲು ನನ್ನಂಥವಳಿಗೂ ಆಗುವುದಿಲ್ಲ. ಅವಳು ಬೆಳಿಗ್ಗೆ ಬಾರಿಸಿದ್ದಕ್ಕೇ ಅಂಕ ಹಾಕಬೇಕು. ಬೆಳಿಗ್ಗೆ ಯಾರು ಯಾರನ್ನು ಬಿಟ್ಟರು ಎಂಬುದು ನನಗೀಗ ನೆನಪಿನಿಂದ ಹೇಳಲಾಗದು, ನನ್ನ ಕಿವಿಯನ್ನೇ ನಾನು ನಂಬುತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ, ನನ್ನ ಪಕ್ಕದಲ್ಲೇ ಕೂತಿದ್ದರು.

"ಕಾಕಾ," ಎಂದೆ, "ಖರೇ ಹೇಳ್ರಿ. ಬೆಳಿಗ್ಗಿ ತಾಳ ಬಿಟ್ಟವರು ಯಾರು?"

ಎಂಥ ಪ್ರಶ್ನೆ ಕೇಳಿದೆ ಎಂದು ಕೇಳಿದ ಮೇಲೆ ತಿಳಿಯಿತು. ನಾಲ್ಕು ತಾಲೂಕಿನಲ್ಲಿ ತಾಳಕ್ಕೆ ಅವರ ಹೆಸರನ್ನೇ ಹೇಳುತ್ತಾರೆ. ಅವರು ಹುಡುಗಿ ಬಿಟ್ಟಳು ಎಂದಿದ್ದರೆ ಯಾರೂ ಮರುಮಾತು ಆಡುತ್ತಿರಲಿಲ್ಲ. ಅವರು ಬಾಯೊಳಗಿನ ಅಡಿಕೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿಸಿದರು.

"ನಾನ ಬಿಟ್ಟೆರಿ," ಎಂದರು. "ಆಕಿ ನಿಂತಾಗ ನಾ ನಿಲ್ಲಬೇಕಿತ್ತು. ಮೂರು ಸಲ ನಿಂತ್ಲು, ಮೂರೂ ಸಲ ನಾ ಮುಂದ ಹೋದೆ. ಹುಡುಗಿ ಬಡಪಾಯಿ ಓಡಿಕೋತ ಬಂದು ನನ್ನ ಕೂಡಿಕೊಂಡ್ಲು. ಇದನ್ನ ಬರಕೋರಿ."

ಇಂಡಿಯ ಸರ್ ನನ್ನ ಕೈಮೇಲಿಟ್ಟ ಕೈ ತೆಗೆದರು. ನಾನು ಎಂಟು ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿದೆ, ಸರ್ ಕೆಳಗೆ ಅವರ ಸಹಿ ಹಾಕಿದರು. ಮೂವತ್ತೊಂದು. ಕಾಕಾ ಪೆನ್ನು ಕೇಳಿ ಇಸಿದುಕೊಂಡು ತಾವೂ ಒಂದು ಸಹಿ ಮಾಡಿದರು. ತಬಲಾದವರ ಸಹಿಗೆ ಹಾಳೆಯಲ್ಲಿ ಜಾಗವೇ ಇಲ್ಲ, ಅಂಚಿನಲ್ಲಿ ಅಡ್ಡಡ್ಡ ಮಾಡಿದರು.

ಎ ಗ್ರೇಡಿನವರ ಹೆಸರು ಕೂಗುವಾಗ ನಾನು ಮುದುಕಿಯನ್ನೇ ನೋಡುತ್ತಿದ್ದೆ. ಅವಳು ಸೆರಗಿನಿಂದ ಮುಖವನ್ನೆಲ್ಲ ಒರೆಸಿಕೊಂಡಳು, ಬೆವರೋ ಕಣ್ಣೀರೋ, ಎರಡೂ ಇರಬೇಕು. ಹಿಂದಿನ ಸಾಲಿನಲ್ಲಿದ್ದ ಅವರ ಹೆಡ್‌ಮಾಸ್ತರರು ಎದ್ದು ಬಂದು, ಸೂಟಿ ಮುಗಿದ ದಿನ ಬೆಳಿಗ್ಗೆ ತಂದುಕೊಡಬೇಕು, ನೀರು ಬೀಳಿಸಬಾರದು, ಮೇಲೆ ಚಹಾದ ಕಪ್ಪು ಇಡಬಾರದು ಎಂದು ಹತ್ತು ಷರತ್ತು ಹೇಳಿದರು. ಹುಡುಗಿ ಹತ್ತಕ್ಕೂ ಹೂಂ ಎಂದಳು. ಅಷ್ಟರಲ್ಲಾಗಲೇ ಕೀಬೋರ್ಡನ್ನು ಆಯಿಯ ಹಳೆಯ ಕೌದಿಯಲ್ಲಿ ಸುತ್ತಿಯಾಗಿತ್ತು.

ನನಗೆ ಅಷ್ಟಕ್ಕೇ ಬಿಡಲು ಆಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಂಗಳೇಶ್ವರದ ಬಸ್ಸಿಗೆ ಕಾಯುತ್ತಿದ್ದ ಅವರ ಹತ್ತಿರ ಹೋದೆ. ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡು ನನಗೆ ರೂಢಿಯಿಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದೆ. ಹುಡುಗಿಯೇ ಕೇಳಿದಳು.

"ಲಯಕ್ಕ ಮೊದಲ ಎಷ್ಟು ಹಾಕಿದ್ರಿ ಅಕ್ಕಾರ?"

"ಮೂರು."

"ಆಮ್ಯಾಲ?"

"ಎಂಟು."

ಅವಳ ಎಡಗೈಯ ಬೆರಳುಗಳು ಕೌದಿಯ ಮೇಲೆ ಆಡಿದವು.

"ಎಂಟು ಹೆಚ್ಚಾತ್ರಿ," ಎಂದಳು. "ಕಡೀಕ ಮ್ಯಾಲಿಂದ ಇಳಿಯೂ ಸಾಲಿನ್ಯಾಗ ನಾನ ಅವಸರ ಮಾಡೇನಿ. ಬೆಳಿಗ್ಗಿನೂ ಮಾಡೇನಿ, ಮಧ್ಯಾಹ್ನನೂ ಮಾಡೇನಿ. ಅಲ್ಲಿ ಕಾಕಾರದು ತಪ್ಪಿಲ್ಲ. ಆರು ಹಾಕಬೇಕಿತ್ರಿ."

ಆರು ಹಾಕಿದ್ದರೆ ಒಟ್ಟು ಇಪ್ಪತ್ತೊಂಬತ್ತಾಗುತ್ತಿತ್ತು. ಇಪ್ಪತ್ತೊಂಬತ್ತು ಎಂದರೆ ಬಿ.

"ಹಂಗಾರ ಕೀಬೋರ್ಡ್ ಇತ್ತ ತಾ," ಎಂದು ಕೈ ಚಾಚಿದೆ. "ಹೆಡ್‌ಮಾಸ್ತರಿಗೆ ಕೊಟ್ಟು ಬರ್ತೇನಿ."

"ಅಷ್ಟು ಹುಚ್ಚಿ ಅಲ್ರಿ ನಾ," ಎಂದವಳು ಕೌದಿಯ ಗಂಟನ್ನು ಅವಚಿಕೊಂಡು, ಆಗಷ್ಟೇ ಬಂದು ನಿಂತ ಬಸ್ಸಿಗೆ ಎಲ್ಲರಿಗಿಂತ ಮೊದಲು ಹತ್ತಿಬಿಟ್ಟಳು. ಮುದುಕಿ ಅವಳ ಹಿಂದೆ, ನಗುತ್ತ, ಬೈಯುತ್ತ.

ನಾನು ಸಿಂದಗಿಯ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಆ ಕೊನೆಯ ಸಾಲನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಮೇಲಿನಿಂದ ಇಳಿಯುತ್ತಿತ್ತು, ಅದು ನೆನಪಿದೆ. ಚೆಂದವಿತ್ತು, ಅದೂ ನೆನಪಿದೆ. ಆದರೆ ಅವಳು ಹೇಳಿದ ಆ ಅವಸರ, ಎರಡು ಸಲ ಕೇಳಿಯೂ, ನನಗೆ ಕೇಳಿಸಿರಲೇ ಇಲ್ಲ.